ಊದುವ ಅಪಾಯವಿರುವ ತೋಳಿಗೆ ಕೀಟ ಕಚ್ಚಿದರೆ: ಯಾವುದನ್ನು ಬಳಸಬೇಕು, ಯಾವುದನ್ನು ಬಿಡಬೇಕು

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದವರಿಗೆ ಮನೆಗೆ ಹೊರಡುವ ಮುನ್ನ ಹೇಳುವ ಮಾತುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಶಸ್ತ್ರಚಿಕಿತ್ಸೆಯಾದ ಕಡೆಯ ಕೈಗೆ ಸೂಜಿ ಚುಚ್ಚಿಸಬೇಡಿ, ಆ ಕೈಯಲ್ಲಿ ರಕ್ತದೊತ್ತಡ ನೋಡಿಸಬೇಡಿ, ಗಾಯ ಮಾಡಿಕೊಳ್ಳಬೇಡಿ, ಕೀಟ ಕಚ್ಚದಂತೆ ಎಚ್ಚರವಾಗಿರಿ. ಸೂಜಿಗೆ ಇನ್ನೊಂದು ಕೈ ಚಾಚಬಹುದು. ಮಳೆಗಾಲದ ಸೊಳ್ಳೆಗೆ ಹಾಗೆ ಹೇಳಲಾಗುವುದಿಲ್ಲ. ಕಚ್ಚದಂತೆ ತಡೆಯಲು ಏನು ಹಚ್ಚಬೇಕು, ಕಚ್ಚಿದ ಮೇಲೆ ಏನು ಮಾಡಬೇಕು, ಯಾವಾಗ ವೈದ್ಯರ ಬಳಿಗೆ ಓಡಬೇಕು ಎಂಬ ವಿವರ ಆ ಮಾತುಗಳಲ್ಲಿ ಇರುವುದಿಲ್ಲ. ಅಂಗಡಿಯಲ್ಲಿ ನಿಂತಾಗ ಎದುರಿಗೆ ಹತ್ತು ಬಗೆಯ ಕ್ರೀಮು, ಮನೆಗೆ ಬಂದರೆ ಹತ್ತು ಬಗೆಯ ಮನೆಮದ್ದು. ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ನನ್ನಂಥವರಿಗಾಗಿ, ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಆ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ಇಲ್ಲಿ ತೂಗಿ ನೋಡಿದ್ದೇನೆ.

ನಿಮ್ಮ ಶಸ್ತ್ರಚಿಕಿತ್ಸೆ ಯಾವ ಬಗೆಯದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕಂಕುಳಿನ ದುಗ್ಧರಸ (ಲಿಂಫ್) ಗ್ರಂಥಿಗಳಲ್ಲಿ ಬಹುಪಾಲನ್ನು ತೆಗೆದವರಲ್ಲಿ ಸುಮಾರು 5 ಮಂದಿಯಲ್ಲಿ ಒಬ್ಬರಿಗೆ ಮುಂದೆ ತೋಳು ಊದಿಕೊಳ್ಳುವ ಲಿಂಫೆಡೀಮಾ ಬರುತ್ತದೆ. ಸೆಂಟಿನೆಲ್ ಗ್ರಂಥಿ ಎಂದು ಕರೆಯುವ ಒಂದೆರಡು ಮೊದಲ ಗ್ರಂಥಿಗಳನ್ನಷ್ಟೇ ತೆಗೆದವರಲ್ಲಿ ಅದು ಸುಮಾರು 20ರಲ್ಲಿ ಒಬ್ಬರಿಗೆ. ಕಂಕುಳಿಗೆ ವಿಕಿರಣ ಚಿಕಿತ್ಸೆಯೂ ಆಗಿದ್ದರೆ, ಮೈತೂಕ ಹೆಚ್ಚಿದ್ದರೆ ಅಪಾಯ ಮೇಲೇರುತ್ತದೆ. ಹೆಚ್ಚಿನವರಿಗೆ ಊತ ಕಾಣಿಸಿಕೊಳ್ಳುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಆದರೆ ಹತ್ತು ವರ್ಷ ಕಳೆದ ಮೇಲೂ ಬರಬಹುದು. ಇದು ಆನೆಕಾಲು ರೋಗವಲ್ಲ. ಕಲಬುರಗಿ, ಬೀದರ್, ದಕ್ಷಿಣ ಕನ್ನಡದಂಥ ಕಡೆಗಳಲ್ಲಿ ಸೊಳ್ಳೆಯಿಂದ ಹರಡುವ ಆನೆಕಾಲಿನ ಹುಳುವಿಗೂ ಈ ಊತಕ್ಕೂ ಸಂಬಂಧವಿಲ್ಲ. ಒಂದು ಸೊಳ್ಳೆ ಕಚ್ಚಿದ ಮಾತ್ರಕ್ಕೆ ಕೈ ಆನೆಕೈ ಆಗುತ್ತದೆ ಎಂದು ಹೆದರುವವರನ್ನು ಬಲ್ಲೆ. ಆ ಹೆದರಿಕೆಗೆ ಆಧಾರವಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು 600ಕ್ಕೂ ಹೆಚ್ಚು ರೋಗಿಗಳ ತೋಳುಗಳನ್ನು ವರ್ಷಗಟ್ಟಲೆ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕೈಯಿಂದ ರಕ್ತ ತೆಗೆದದ್ದು, ಇಂಜೆಕ್ಷನ್ ಕೊಟ್ಟದ್ದು, ರಕ್ತದೊತ್ತಡ ನೋಡಿದ್ದು, ವಿಮಾನದಲ್ಲಿ ಹೋದದ್ದು ಯಾವುದಕ್ಕೂ ಊತದ ಜೊತೆ ನಂಟು ಕಾಣಲಿಲ್ಲ. ಸೆಲ್ಯುಲೈಟಿಸ್‌ಗೆ, ಅಂದರೆ ಚರ್ಮದೊಳಗಿನ ಸೋಂಕಿಗೆ, ಸ್ಪಷ್ಟವಾಗಿ ಕಂಡಿತು. ಗ್ರಂಥಿಗಳು ಕಡಿಮೆಯಾದ ತೋಳಿನಲ್ಲಿ ದುಗ್ಧರಸ ನಿಧಾನವಾಗಿ ಹರಿಯುತ್ತದೆ. ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಹಿಡಿದು ಹಾಕುವ ಕಾವಲುಗಳೂ ಅಲ್ಲಿ ಕಡಿಮೆ. ಸೋಂಕು ಬಂದರೆ ಉಳಿದ ನಾಳಗಳಿಗೂ ಪೆಟ್ಟು ಬೀಳುತ್ತದೆ, ಊತ ಹೆಚ್ಚುತ್ತದೆ, ಊದಿದ ತೋಳಿಗೆ ಮುಂದಿನ ಸೋಂಕು ಇನ್ನೂ ಸುಲಭವಾಗಿ ತಗಲುತ್ತದೆ.

ಸೊಳ್ಳೆಯ ಸೂಜಿಮೂತಿ ಮಾಡುವ ತೂತು ತೀರ ಚಿಕ್ಕದು. ಅದರ ಮೇಲೆ ನಮ್ಮ ಉಗುರು ಮಾಡುವ ಗಾಯ ದೊಡ್ಡದು. ಹಾಗಾಗಿ ಮುಂದಿನ ಪ್ರತಿ ಆಯ್ಕೆಯಲ್ಲೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಚರ್ಮವನ್ನು ಇಡಿಯಾಗಿ ಉಳಿಸುತ್ತದೆಯೇ?

ಕಚ್ಚುವ ಮುನ್ನ: ಯಾವ ಕ್ರೀಮು, ಯಾವ ಬಟ್ಟೆ

ಮೈಗೆ ಹಚ್ಚುವ ಸೊಳ್ಳೆ ನಿವಾರಕಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಡೀಟ್. ಅಮೆರಿಕದ ಸೈನ್ಯಕ್ಕಾಗಿ 1940ರ ದಶಕದಲ್ಲಿ ಬಂದದ್ದು. ಶೇಕಡ 20ರಿಂದ 30ರಷ್ಟು ಡೀಟ್ ಇರುವ ದ್ರಾವಣ ಐದಾರು ಗಂಟೆ ಕಾಪಾಡುತ್ತದೆ. 2002ರಲ್ಲಿ ಪ್ರಕಟವಾದ ಹೆಸರುವಾಸಿ ಹೋಲಿಕೆಯೊಂದರಲ್ಲಿ ಶೇಕಡ 23.8ರ ಡೀಟ್ ಸರಾಸರಿ 301 ನಿಮಿಷ ಸೊಳ್ಳೆಯನ್ನು ದೂರವಿಟ್ಟರೆ, ಸಿಟ್ರೊನೆಲ್ಲಾ ಎಣ್ಣೆಯ ಉತ್ಪನ್ನಗಳು 20 ನಿಮಿಷವೂ ತಾಳಲಿಲ್ಲ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪರಿಮಳದ ಪಟ್ಟಿಗಳು ಒಂದು ನಿಮಿಷವೂ ಕಾಪಾಡಲಿಲ್ಲ. ಅಂಥ ಪಟ್ಟಿಯನ್ನು ನಂಬಿ ಈ ಕೈಯನ್ನು ಬಯಲಿಗೆ ಒಡ್ಡಬೇಡಿ.

ಪಿಕಾರಿಡಿನ್ ಇನ್ನೊಂದು. ಶೇಕಡ 20ರಷ್ಟು ಇದ್ದರೆ ಡೀಟ್‌ಗೆ ಸರಿಸಮ ಕೆಲಸ ಮಾಡುತ್ತದೆ, ಜಿಡ್ಡಿಲ್ಲ, ವಾಸನೆಯೂ ಕಡಿಮೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ದೊಡ್ಡ ಔಷಧ ಅಂಗಡಿಗಳಲ್ಲೋ ಆನ್‌ಲೈನ್‌ನಲ್ಲೋ ಹುಡುಕಬೇಕು. ಹುಡುಕಲು ಒಂದು ಗಟ್ಟಿ ಕಾರಣವಿದೆ. ಡೀಟ್ ಪ್ಲಾಸ್ಟಿಕ್ಕನ್ನೂ ಸ್ಪ್ಯಾಂಡೆಕ್ಸ್‌ನಂಥ ಹಿಗ್ಗುವ ನೂಲನ್ನೂ ಹಾಳುಮಾಡುತ್ತದೆ. ಊತ ತಡೆಯಲು ನಾವು ತೋಳಿಗೆ ತೊಡುವ ಬಿಗಿಯಾದ ಕಂಪ್ರೆಷನ್ ಸ್ಲೀವ್‌ಗೆ ಬಿಗಿ ಕೊಡುವುದು ಅದೇ ನೂಲು. ಸಾವಿರಾರು ರೂಪಾಯಿ ಕೊಟ್ಟು ತಂದ ಸ್ಲೀವ್ ಅಲ್ಲಲ್ಲಿ ಸಡಿಲಾದರೆ ಒತ್ತಡ ಸಮನಾಗಿ ಬೀಳುವುದಿಲ್ಲ. ಪಿಕಾರಿಡಿನ್‌ಗೆ ಆ ದೋಷವಿಲ್ಲ. ದಿನವೂ ಸ್ಲೀವ್ ಹಾಕುವವರು ಪಿಕಾರಿಡಿನ್ ಆರಿಸಲಿ. ಹಾಕದವರಿಗೆ ಎರಡರಲ್ಲಿ ಯಾವುದಾದರೂ ಸರಿ.

ನಮ್ಮಲ್ಲಿ ಬಹುಕಾಲದಿಂದ ಮನೆಮಾತಾಗಿರುವ ಓಡೋಮಸ್ ಕ್ರೀಮಿನಲ್ಲಿರುವುದು ಡೀಟ್‌ನ ಹತ್ತಿರದ ನೆಂಟನಾದ ಡೈಈಥೈಲ್ ಬೆಂಜಮೈಡ್. ಸಂಜೆ ಅಂಗಳದಲ್ಲಿ ಒಂದೆರಡು ತಾಸು ಕೂರುವುದಕ್ಕೆ ಅದು ಸಾಕು. ಇಡೀ ದಿನದ ತೋಟದ ಕೆಲಸಕ್ಕೆ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ರಾಸಾಯನಿಕ ಬೇಡವೆನ್ನುವವರಿಗೆ ಸಸ್ಯಮೂಲದ ನಿವಾರಕಗಳಲ್ಲಿ ನಂಬಬಹುದಾದದ್ದು ಲೆಮನ್ ಯೂಕಲಿಪ್ಟಸ್‌ನಿಂದ ತೆಗೆದ ಪಿಎಂಡಿ. ನೀಲಗಿರಿ ಎಣ್ಣೆಯೆಂದು ಸೀಸೆಯಲ್ಲಿ ಸಿಗುವುದು ಇದಲ್ಲ. ಬೇವಿನೆಣ್ಣೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ನಿಂಬೆಹುಲ್ಲಿನ ಎಣ್ಣೆಗಳ ಪರಿಣಾಮ ಬೇಗ ಇಳಿಯುತ್ತದೆ, ಜೊತೆಗೆ ಗಾಢ ಎಣ್ಣೆಗಳು ಕೆಲವರ ಚರ್ಮವನ್ನು ಕೆರಳಿಸಿ ತುರಿಕೆ ತರುತ್ತವೆ. ಉಳಿದ ಮೈಗೆ ನಿಮ್ಮಿಷ್ಟ. ಈ ತೋಳಿಗೆ ಬೇಡ.

ಯಾವುದನ್ನು ಹಚ್ಚಿದರೂ ತೆರೆದ ಚರ್ಮಕ್ಕೆ ಮಾತ್ರ ಹಚ್ಚಿ, ಸ್ಲೀವ್‌ನ ಕೆಳಗೆ ಬೇಡ. ಗಾಯವಾಗಿ ಇನ್ನೂ ಮಾಯದ ಜಾಗಕ್ಕೆ, ವಿಕಿರಣದಿಂದ ಕೆಂಪಾದ ಚರ್ಮಕ್ಕೆ ಬೇಡ. ಬಿಸಿಲಿನ ಕ್ರೀಮು ಹಚ್ಚುವುದಿದ್ದರೆ ಅದು ಮೊದಲು, ನಿವಾರಕ ಆಮೇಲೆ. ಮನೆಗೆ ಬಂದ ಮೇಲೆ ಸೋಪಿನಿಂದ ತೊಳೆದು, ಚರ್ಮ ಒಣಗದಂತೆ ವಾಸನೆಯಿಲ್ಲದ ತೇವಕಾರಕ ಹಚ್ಚಿಕೊಳ್ಳಿ. ಒಣಗಿ ಬಿರಿದ ಚರ್ಮ ಕೀಟವಿಲ್ಲದೆಯೂ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆಯುತ್ತದೆ.

ಆದರೂ ಕ್ರೀಮಿಗಿಂತ ನಾನು ಬಟ್ಟೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಮೈಗಂಟಿದ ತೆಳು ಬಟ್ಟೆಯ ಮೂಲಕ ಸೊಳ್ಳೆ ಕಚ್ಚಬಲ್ಲದು, ಸ್ಲೀವ್ ಹಾಕಿದ್ದೇನೆ ಎಂದು ನಿಶ್ಚಿಂತೆಯಿಂದ ಇರಬಾರದು. ಸ್ಲೀವ್‌ನ ಮೇಲೆ ಮಣಿಕಟ್ಟಿನವರೆಗೆ ಬರುವ ಸಡಿಲವಾದ, ತಿಳಿಬಣ್ಣದ ಹತ್ತಿಯ ಅಂಗಿ ಹಾಕಿದರೆ ಬಟ್ಟೆಗೂ ಚರ್ಮಕ್ಕೂ ನಡುವೆ ಅಂತರ ಉಳಿಯುತ್ತದೆ. ಸೀರೆ ಉಡುವವರ ರವಿಕೆಯ ತೋಳು ಮೊಣಕೈವರೆಗೂ ಬರುವುದಿಲ್ಲ. ಗದ್ದೆ, ಕೊಟ್ಟಿಗೆ, ಹಿತ್ತಲಿಗೆ ಹೋಗುವಾಗ ಗಂಡಸರ ತುಂಬುತೋಳಿನ ಹಳೆಯ ಷರಟನ್ನು ಮೇಲೆ ಹಾಕಿಕೊಳ್ಳುವ ನಮ್ಮ ಹಳ್ಳಿಗಳ ಹೆಂಗಸರ ರೂಢಿ ಈ ತೋಳಿಗೆ ಹೇಳಿ ಮಾಡಿಸಿದ್ದು. ಗುಲಾಬಿ ಕತ್ತರಿಸುವಾಗ, ಕಟ್ಟಿಗೆ ಆರಿಸುವಾಗ ಕೈಗವಸೂ ಇರಲಿ.

ರಾತ್ರಿಗೆ ಸೊಳ್ಳೆಪರದೆಗೆ ಸಾಟಿಯಿಲ್ಲ. ಕಾಯಿಲ್‌ನ ಹೊಗೆ ಶ್ವಾಸಕೋಶಕ್ಕೆ ಹಿತವಲ್ಲ, ಪ್ಲಗ್ಗಿಗೆ ಹಾಕುವ ದ್ರವ ವಿದ್ಯುತ್ ಹೋದೊಡನೆ ನಿಲ್ಲುತ್ತದೆ. ಪರದೆಗೆ ಆ ಎರಡೂ ಕೊರತೆಯಿಲ್ಲ. ಕೈ ಪರದೆಗೆ ಒತ್ತಿಕೊಂಡು ಮಲಗದಂತೆ ಹಾಸಿಗೆ ಅಗಲವಾಗಿರಬೇಕು, ಅಷ್ಟೇ. ಡೆಂಗಿ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುನ್ನ. ಅದಕ್ಕೆ ಪರದೆ ಸಾಲದು, ಬಟ್ಟೆ ಮತ್ತು ಕ್ರೀಮೇ ಬೇಕು.

ಕಚ್ಚಿದ ಕೂಡಲೇ

ಮೊದಲು ಆ ಕೈಯ ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಊತ ಏರಿದ ಮೇಲೆ ತೆಗೆಯಲಾಗುವುದಿಲ್ಲ, ಗಾಜಿನ ಬಳೆ ಒಡೆದರೆ ಇನ್ನೊಂದು ಗಾಯ. ನಂತರ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಿರಿ. ಇದಕ್ಕಿಂತ ಒಳ್ಳೆಯ ಶುದ್ಧೀಕರಣ ಇಡಿಯಾಗಿರುವ ಚರ್ಮಕ್ಕೆ ಬೇಕಿಲ್ಲ. ಡೆಟಾಲ್‌ನಂಥ ದ್ರಾವಣವನ್ನು ನೀರು ಬೆರೆಸದೆ ಹಚ್ಚಿದರೆ ಚರ್ಮ ಸುಡುತ್ತದೆ, ಸ್ಪಿರಿಟ್ ಒಣಗಿಸಿ ಬಿರಿಯುವಂತೆ ಮಾಡುತ್ತದೆ. ಚರ್ಮ ಕಿತ್ತುಹೋಗಿದ್ದರೆ ಮಾತ್ರ ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ತುಸು ಹಚ್ಚಿ, ಶುಭ್ರವಾದ ಪಟ್ಟಿ ಮುಚ್ಚಿ.

ತುರಿಕೆಗೆ ತಂಪು ಒಳ್ಳೆಯದೋ ಬಿಸಿ ಒಳ್ಳೆಯದೋ? ಕಚ್ಚಿದ ಜಾಗಕ್ಕೆ ಕೆಲವು ಕ್ಷಣ ಬಿಸಿ ಮುಟ್ಟಿಸುವ ಬ್ಯಾಟರಿಯ ಪೆನ್ನುಗಳು ಈಗ ಮಾರಾಟಕ್ಕಿವೆ, ಕೆಲವರಿಗೆ ತುರಿಕೆ ಇಳಿಸುತ್ತವೆ ಕೂಡ. ಬಿಸಿ ಚಮಚ ಒತ್ತುವ ಉಪಾಯವೂ ಓಡಾಡುತ್ತಿದೆ. ಈ ತೋಳಿಗೆ ಎರಡೂ ಬೇಡ. ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ತೋಳಿನ ಒಳಬದಿಯ ಸ್ಪರ್ಶದ ನರಕ್ಕೆ ಏಟು ಬೀಳುವುದು ಸಾಮಾನ್ಯ, ಅನೇಕರಿಗೆ ಅಲ್ಲಿ ಜೋಮು ಹಿಡಿದಂತೆ ಇರುತ್ತದೆ. ಎಷ್ಟು ಬಿಸಿ ಎಂಬುದು ತಿಳಿಯದೆ ಸುಟ್ಟುಕೊಳ್ಳಬಹುದು. ಮೇಲಾಗಿ ಬಿಸಿ ರಕ್ತದ ಹರಿವನ್ನು ಹೆಚ್ಚಿಸಿ, ಹೊರಹೋಗಲು ಕಷ್ಟಪಡುತ್ತಿರುವ ದ್ರವಕ್ಕೆ ಇನ್ನಷ್ಟು ಸೇರಿಸುತ್ತದೆ. ತಂಪು ಉತ್ತಮ, ಆದರೆ ಅದಕ್ಕೂ ಮಿತಿ ಇದೆ: ಮಂಜುಗಡ್ಡೆಯನ್ನು ನೇರವಾಗಿ ಇಡದೆ ಬಟ್ಟೆಯಲ್ಲಿ ಸುತ್ತಿ, ಹತ್ತು ನಿಮಿಷ ಮೀರದಂತೆ. ಜೋಮಿನ ಕಾರಣದಿಂದಲೇ ದಿನಕ್ಕೊಮ್ಮೆ ಸ್ನಾನದ ಹೊತ್ತಿನಲ್ಲಿ ತೋಳಿನ ಹಿಂಬದಿ, ಕಂಕುಳು, ಮೊಣಕೈಯ ಮಡಿಕೆಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಸ್ಪರ್ಶವಿಲ್ಲದ ಕಡೆ ಇರುವೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಮನೆಮದ್ದುಗಳ ಮಾತಿಗೆ ಬಂದರೆ ನನ್ನ ನಿಲುವು ಸ್ವಲ್ಪ ಕಟುವಾಗಿಯೇ ಇದೆ. ಸುಣ್ಣ ಕ್ಷಾರ, ಚರ್ಮ ಸುಡುತ್ತದೆ. ಜಜ್ಜಿದ ಬೆಳ್ಳುಳ್ಳಿಯೂ ಬೊಬ್ಬೆ ಎಬ್ಬಿಸಬಲ್ಲದು. ಟೂತ್‌ಪೇಸ್ಟ್‌ನ ಪುದೀನ ತಂಪೆನಿಸುವುದು ನಿಜ, ಆದರೆ ಒಣಗಿ ಕೆರಳಿಸುತ್ತದೆ. ಹಿತ್ತಲಿನಿಂದ ಕಿತ್ತ ಸೊಪ್ಪಿನ ರಸವನ್ನು ಕೆರೆದ ಗಾಯಕ್ಕೆ ಹಿಂಡಿದರೆ ಮಣ್ಣಿನ ಬ್ಯಾಕ್ಟೀರಿಯಾವನ್ನು ಕೈಯಾರೆ ಒಳಗಿಟ್ಟಂತೆ. ಅರಿಶಿನದ ಮೇಲೆ ನಮಗಿರುವ ನಂಬಿಕೆ ದೊಡ್ಡದು. ಅದರ ಗುಣದ ಬಗ್ಗೆ ಜಗಳ ಬೇಡ. ಅದರ ಬಣ್ಣವೇ ಇಲ್ಲಿ ತೊಡಕು. ಮುಂದಿನ ಎರಡು ದಿನ ನಾವು ಕಾಯಬೇಕಾದ್ದು ಚರ್ಮದ ಕೆಂಪು ಹರಡುತ್ತಿದೆಯೇ ಎಂಬುದನ್ನು. ಅರಿಶಿನ ಅದನ್ನು ಮುಚ್ಚಿಬಿಡುತ್ತದೆ. ಅಗಲವಾಗಿ ಬಳಿದ ಅಯೋಡಿನ್, ದಪ್ಪಗೆ ಒಣಗಿದ ಕ್ಯಾಲಮೈನ್ ಕೂಡ ಹಾಗೆಯೇ. ಬಣ್ಣ ಉಳಿಸುವ ಯಾವುದನ್ನೂ ಕಚ್ಚಿದ ಜಾಗದ ಆಚೆಗೆ ಹಚ್ಚಬೇಡಿ.

ತುರಿಕೆಯನ್ನು ನಿಲ್ಲಿಸಲು: ಕ್ಯಾಲಮೈನ್, ಸ್ಟಿರಾಯ್ಡ್ ಮುಲಾಮು, ಮಾತ್ರೆ

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಹೆಚ್ಚು ಗಮನ ಬೇಡುವ ಆಯ್ಕೆ ಇದು. ಜನ ಸೋಂಕಿಗೆ ಹೆದರಿ ನಂಜುನಿವಾರಕಕ್ಕೆ ದುಡ್ಡು ಸುರಿಯುತ್ತಾರೆ, ತುರಿಕೆಯನ್ನು ಸಣ್ಣದೆಂದು ಬಿಡುತ್ತಾರೆ. ರಾತ್ರಿ ನಿದ್ದೆಯಲ್ಲಿ ಉಗುರು ಕೆರೆದು ಬೆಳಗ್ಗೆ ಸಿಪ್ಪೆ ಎದ್ದಿರುತ್ತದೆ.

ಕ್ಯಾಲಮೈನ್ ಅಗ್ಗ, ನಿರಪಾಯಕಾರಿ, ಒಂದೆರಡು ಸೊಳ್ಳೆ ಕಡಿತಕ್ಕೆ ಸಾಕು. ಅದು ಸಾಲದಿದ್ದರೆ ಶೇಕಡ 1ರ ಹೈಡ್ರೋಕಾರ್ಟಿಸೋನ್, ಸ್ಟಿರಾಯ್ಡ್‌ಗಳಲ್ಲೇ ಸೌಮ್ಯವಾದದ್ದು. ಚರ್ಮ ಕಿತ್ತುಹೋಗದ ಜಾಗಕ್ಕೆ ತೆಳುವಾಗಿ, ದಿನಕ್ಕೆ ಒಂದೆರಡು ಸಲ, ಕೆಲವೇ ದಿನ. ಇದನ್ನು ವೈದ್ಯರನ್ನು ಕೇಳಿಯೇ ತನ್ನಿ, ಏಕೆಂದರೆ ಔಷಧ ಅಂಗಡಿಯಲ್ಲಿ ತುರಿಕೆಗೆ ಮುಲಾಮು ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಪ್ರಬಲ ಸ್ಟಿರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬು. ಹಚ್ಚಿದೊಡನೆ ಕೆಂಪು, ತುರಿಕೆ ಎರಡೂ ಇಳಿದು ಸಮಾಧಾನವಾಗುತ್ತದೆ. ಒಳಗೆ ಚರ್ಮ ತೆಳುವಾಗುತ್ತದೆ, ಸೋಂಕಿದ್ದರೆ ಅದರ ಮುಖ ಮುಚ್ಚಿಹೋಗುತ್ತದೆ. ಈ ತೋಳಿಗೆ ಅಂಥ ಟ್ಯೂಬು ಖಂಡಿತ ಬೇಡ. ಹಚ್ಚುವ ಆ್ಯಂಟಿಹಿಸ್ಟಮಿನ್ ಕ್ರೀಮುಗಳೂ ಬೇಡ, ಅವು ತಾವೇ ಅಲರ್ಜಿ ತರುವುದುಂಟು.

ನುಂಗುವ ಆ್ಯಂಟಿಹಿಸ್ಟಮಿನ್ ಮಾತ್ರೆ ಹಲವು ಕಡೆ ಕಚ್ಚಿದಾಗ ಅಥವಾ ಊತ ಅಗಲವಾಗಿದ್ದಾಗ ಹೆಚ್ಚು ಸಹಾಯಕ. ಸೆಟ್ರಿಜಿನ್ ಕೆಲವರಿಗೆ ನಿದ್ದೆ ತರುತ್ತದೆ. ಹಗಲು ಕೆಲಸವಿರುವವರಿಗೆ ಫೆಕ್ಸೊಫೆನಡಿನ್, ಲೊರಟಡಿನ್ ಮೇಲು. ಹಳೆಯ ತಲೆಮಾರಿನ ಮಾತ್ರೆಗಳ ಮಂಪರು ವಯಸ್ಸಾದವರನ್ನು ಬೀಳಿಸಬಹುದು. ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮೊಕ್ಸಿಫೆನ್ ನುಂಗುತ್ತಿರುವವರು ಇನ್ನೊಂದನ್ನು ಗಮನಿಸಬೇಕು: ಆ ಔಷಧ ಕೆಲಸ ಮಾಡಲು ಯಕೃತ್ತಿನ ಒಂದು ಕಿಣ್ವ ಬೇಕು, ಡೈಫೆನ್‌ಹೈಡ್ರಮಿನ್ ಆ ಕಿಣ್ವಕ್ಕೆ ಅಡ್ಡಬರುತ್ತದೆ. ಬೇರೆ ಮಾತ್ರೆಗಳು ಸುಲಭವಾಗಿ ಸಿಗುವಾಗ ಅದನ್ನು ಬಿಡುವುದು ಲೇಸು. ಮೂತ್ರಪಿಂಡದ ತೊಂದರೆ ಇರುವವರು ಯಾವ ಮಾತ್ರೆಗೂ ಮೊದಲು ಕೇಳಬೇಕು.

ಉಗುರುಗಳನ್ನು ಮೋಟಾಗಿ ಕತ್ತರಿಸಿಡಿ. ಮಲಗುವಾಗ ಕಚ್ಚಿದ ಜಾಗಕ್ಕೆ ತೆಳು ಹತ್ತಿ ಬಟ್ಟೆ ಸಡಿಲವಾಗಿ ಸುತ್ತಿಕೊಳ್ಳಿ. ಇದರ ಖರ್ಚು ಏನೂ ಇಲ್ಲ, ಉಪಕಾರ ಮುಲಾಮಿನಷ್ಟೇ ಇದೆ.

ಸೊಳ್ಳೆಯಲ್ಲದೆ ಬೇರೆ ಕಚ್ಚಿದರೆ

ಜೇನುಹುಳು ಮುಳ್ಳನ್ನು ಚರ್ಮದಲ್ಲೇ ಬಿಟ್ಟುಹೋಗುತ್ತದೆ, ಅದಕ್ಕಂಟಿದ ಚೀಲ ವಿಷವನ್ನು ಒಳತಳ್ಳುತ್ತಲೇ ಇರುತ್ತದೆ. ಚಿಮುಟದಿಂದ ಹಿಡಿಯಬಾರದು, ಕೆರೆದೇ ತೆಗೆಯಬೇಕು ಎಂಬ ಹಳೆಯ ಉಪದೇಶಕ್ಕಿಂತ ಬೇಗ ತೆಗೆಯುವುದು ಮುಖ್ಯ. ಉಗುರೋ ಕಾರ್ಡೋ, ಕೈಗೆ ಸಿಕ್ಕಿದ್ದರಿಂದ ತಕ್ಷಣ ತೆಗೆಯಿರಿ. ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ, ಹುಡುಕಿ ಚರ್ಮ ಕೆದಕಬೇಡಿ. ಕಂಬಳಿಹುಳುವಿನ ರೋಮಗಳನ್ನು ಉಜ್ಜದೆ ಅಂಟುಪಟ್ಟಿ ಒತ್ತಿ ಕೀಳಬೇಕು.

ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಕಪ್ಪು–ಕಿತ್ತಳೆ ಪಟ್ಟೆಯ ಸಣ್ಣ ಹುಳುವನ್ನು ಆಸಿಡ್ ಹುಳು ಎನ್ನುತ್ತಾರೆ. ಅದು ಕಚ್ಚುವುದಿಲ್ಲ, ಮೈಮೇಲೆ ಜಜ್ಜಿದರೆ ಅದರ ರಸ ಸುಟ್ಟಂಥ ಬೊಬ್ಬೆ ಎಬ್ಬಿಸುತ್ತದೆ. ಊದಿ ಹಾರಿಸಿ, ತಗಲಿದ ಜಾಗವನ್ನು ಕೂಡಲೇ ಸೋಪಿನಿಂದ ತೊಳೆಯಿರಿ. ಬೊಬ್ಬೆ ಒಡೆಯಬೇಡಿ. ಈ ತೋಳಿಗೆ ಸೊಳ್ಳೆಗಿಂತ ಇದು ಕೆಟ್ಟದ್ದು, ಏಕೆಂದರೆ ಚರ್ಮವೇ ಕಿತ್ತುಬರುತ್ತದೆ.

ಮಲೆನಾಡಿನವರಿಗೆ ಉಂಬಳವೂ (ಜಿಗಣೆ) ಉಣ್ಣೆಯೂ (ರಕ್ತ ಹೀರುವ ಉಣುಗು) ಬೇರೆಯೇ ಲೆಕ್ಕ. ಕಚ್ಚಿಕೊಂಡ ಉಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಾಕಿ ಉದುರಿಸುವುದು ನಮ್ಮ ಕಡೆಯ ಪದ್ಧತಿ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೆ ಕಕ್ಕಬಹುದು, ಅದರ ಹೊಟ್ಟೆಯಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ ಇರುತ್ತದೆ. ಬದಲಿಗೆ ಬಾಯಿರುವ ಸಪೂರ ತುದಿಯ ಕೆಳಗೆ ಉಗುರು ತೂರಿಸಿ ಬಿಡಿಸಿ, ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅದರ ಎಂಜಲಿನಿಂದ ಬಹುಹೊತ್ತು ಸೋರಬಹುದು, ಗಾಬರಿ ಬೇಡ.

ಉಣ್ಣೆಯನ್ನು ಸೀಮೆಎಣ್ಣೆ ಸುರಿದೋ ಬೆಂಕಿಕಡ್ಡಿ ತಾಗಿಸಿಯೋ ಬಿಡಿಸಬಾರದು. ಸಪೂರ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬೇಸಿಗೆಯ ಮುನ್ನಿನಿಂದ ಮಳೆಯವರೆಗೆ ಕಾಣಿಸಿಕೊಳ್ಳುತ್ತದೆ. ಕಾಡಿಗೆ ಹೋಗಲೇಬೇಕಾದವರಿಗೆ ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆ ಉಣ್ಣೆಯನ್ನು ದೂರವಿಡಲು ಇದೆ. ಅದನ್ನು ಗಾಯವಿಲ್ಲದ ಚರ್ಮಕ್ಕೆ ಹಚ್ಚಿ, ಮರಳಿದ ಮೇಲೆ ಬಿಸಿನೀರು ಸೋಪಿನಲ್ಲಿ ತೊಳೆದುಕೊಳ್ಳಿ. ಈ ತೋಳಿಗಾದರೆ ನೀರು ಉಗುರುಬೆಚ್ಚಗಿರಲಿ.

ಕಾಯುವುದೋ, ವೈದ್ಯರ ಬಳಿಗೆ ಹೋಗುವುದೋ

ಕಡಿತದ ಸಹಜ ಕೆಂಪಿಗೂ ಸೋಂಕಿನ ಕೆಂಪಿಗೂ ವ್ಯತ್ಯಾಸ ಹೊತ್ತಿನಲ್ಲಿದೆ, ನೋವಿನಲ್ಲಿದೆ. ಕಚ್ಚಿದ ಕೆಲವು ನಿಮಿಷ, ಗಂಟೆಗಳಲ್ಲೇ ಎದ್ದು, ತುರಿಕೆಯೇ ಮುಂದಾಗಿದ್ದರೆ ಅದು ಅಲರ್ಜಿಯ ಬಗೆ. ಇಂಥ ಕೆಂಪು, ತುರಿಕೆ ಹತ್ತು ದಿನದವರೆಗೂ ಇರಬಹುದು. ಒಂದೆರಡು ದಿನದ ನಂತರ, ಇಳಿಯಬೇಕಾದ ಹೊತ್ತಿನಲ್ಲಿ ಹಿಗ್ಗತೊಡಗಿ, ತುರಿಕೆಗಿಂತ ನೋವು, ಬಿಸಿ, ಭಾರ ಹೆಚ್ಚಾದರೆ ಅದು ಸೋಂಕು. ಕಂಕುಳಿನ ಕಡೆಗೆ ಏರುವ ಕೆಂಪು ಗೆರೆ, ಚಳಿ, ನಡುಕ, ಜ್ವರ ಬಂದರೆ ಅನುಮಾನವೇ ಬೇಡ. ಊದಿದ ತೋಳಿನಲ್ಲಿ ಕೆಲವೊಮ್ಮೆ ಚಳಿಜ್ವರ ಮೊದಲು ಬಂದು ಕೆಂಪು ಆಮೇಲೆ ಕಾಣುತ್ತದೆ.

ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಗುಲಾಬಿ ಕೆಂಪು ನಮ್ಮ ಗೋಧಿ, ಕಪ್ಪು ಮೈಬಣ್ಣದ ಮೇಲೆ ಹಾಗೆ ಕಾಣುವುದಿಲ್ಲ. ಕಂದು, ನೇರಳೆ, ಇಲ್ಲವೇ ಬರಿಯ ಹೊಳಪು ಬಿಗಿ. ಆದ್ದರಿಂದ ಹಗಲು ಬೆಳಕಿನಲ್ಲಿ ಎರಡೂ ತೋಳುಗಳನ್ನು ಜೊತೆಗಿಟ್ಟು ನೋಡಿ, ಇನ್ನೊಂದು ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ಹೋಲಿಸಿ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ, ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಗೆರೆ ದಾಟಿದರೆ ಅಂದೇ ವೈದ್ಯರು, ಮರುದಿನ ಬೆಳಗ್ಗೆಯಲ್ಲ. ಪ್ಯಾರಸಿಟಮಾಲ್ ನುಂಗುವ ಮೊದಲು ಜ್ವರ ಅಳೆದು ಬರೆದಿಡಿ, ನುಂಗಿದ ಮೇಲೆ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ. ಮಳೆಗಾಲದ ಜ್ವರವೆಂದರೆ ಡೆಂಗಿ ಎಂದುಕೊಂಡು ಕೈ ತೋರಿಸದೆ ರಕ್ತಪರೀಕ್ಷೆಗಷ್ಟೇ ಹೋಗುವವರಿದ್ದಾರೆ; ತೋಳು ಬಿಚ್ಚಿ ತೋರಿಸಿ. ಡೆಂಗಿಯೂ ಇರಬಹುದಾದ್ದರಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ.

ಕೀಮೋಥೆರಪಿ ನಡೆಯುತ್ತಿದ್ದಾಗ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಬಂದರೆ ಕಡಿತವಿದೆಯೋ ಇಲ್ಲವೋ ನೋಡುತ್ತ ಕೂರುವಂತಿಲ್ಲ, ಅದೇ ಗಂಟೆಯಲ್ಲಿ ಆಸ್ಪತ್ರೆ. ಜೇನು, ಕಣಜ ಕಡಿದ ಮೇಲೆ ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ತಲೆಸುತ್ತು ಬಂದರೆ 108ಕ್ಕೆ ಕರೆ ಮಾಡಿ. ಅಲ್ಲಿ ಈ ಕೈ ಆ ಕೈ ಎಂಬ ಯೋಚನೆಯೇ ಬೇಡ, ಇಂಜೆಕ್ಷನ್ ಎಲ್ಲಿ ಬೇಕಾದರೂ ಕೊಡಲಿ.

ಎಲ್ಲಿಗೆ ಹೋಗುವುದು ಎಂಬುದೂ ಒಂದು ಆಯ್ಕೆ. ಶಸ್ತ್ರಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲೋ ಮಣಿಪಾಲದಲ್ಲೋ ಆಗಿದ್ದರೆ ಅಲ್ಲಿಗೇ ಹೋಗಬೇಕೆಂಬ ಹಂಬಲ ಸಹಜ. ಬೀದರ್‌ನಿಂದ, ಕಾರವಾರದಿಂದ ರಾತ್ರಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಸೋಂಕು ಮೊಣಕೈ ದಾಟಿರುತ್ತದೆ. ಆ್ಯಂಟಿಬಯೋಟಿಕ್‌ನ ಮೊದಲ ಡೋಸು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ, ದೂರದ ವೈದ್ಯರಿಗೆ ಫೋನಿನಲ್ಲಿ ತಿಳಿಸಿ. ನಿಮ್ಮನ್ನು ಮೊದಲ ಬಾರಿ ನೋಡುವ ವೈದ್ಯರಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಕಡೆಯ ಕಂಕುಳಿನ ಗ್ರಂಥಿ ತೆಗೆದಿದ್ದಾರೆ, ಯಾವ ವರ್ಷ, ವಿಕಿರಣ ಆಗಿದೆಯೇ, ಸಕ್ಕರೆ ಕಾಯಿಲೆ ಇದೆಯೇ, ಈಗ ಯಾವ ಮಾತ್ರೆ, ಪೆನಿಸಿಲಿನ್ ಅಲರ್ಜಿ ಇದೆಯೇ.

ಆ್ಯಂಟಿಬಯೋಟಿಕ್‌ನ ವಿಷಯದಲ್ಲಿ ಎರಡು ತಪ್ಪು ದಾರಿಗಳಿವೆ. ಪ್ರತಿ ಕಡಿತಕ್ಕೂ ನುಂಗುವುದು ಒಂದು. ಬ್ರಿಟನ್ನಿನ ನೈಸ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, ಸೋಂಕಿನ ಚಿಹ್ನೆಯಿಲ್ಲದ ಕಡಿತಕ್ಕೆ ಆ್ಯಂಟಿಬಯೋಟಿಕ್ ಕೊಡಬೇಡಿ ಎಂದೇ ಹೇಳಿದೆ. ಇನ್ನೊಂದು, ಮನೆಯಲ್ಲಿ ಉಳಿದ ಮೂರು ಅಜಿಥ್ರೋಮೈಸಿನ್ ಮಾತ್ರೆ ನುಂಗಿ ಕಾಯುವುದು. ಸೆಲ್ಯುಲೈಟಿಸ್‌ಗೆ ಹೆಚ್ಚಾಗಿ ಕಾರಣ ಸ್ಟ್ರೆಪ್ಟೋಕಾಕಸ್, ಸ್ಟೆಫಿಲೋಕಾಕಸ್. ಅಲರ್ಜಿ ಇಲ್ಲದವರಿಗೆ ಮೊದಲ ಆಯ್ಕೆ ಸಾಮಾನ್ಯವಾಗಿ ಪೆನಿಸಿಲಿನ್ ಗುಂಪಿನದು. ಅರೆಬರೆ ಮಾತ್ರೆ ಸೋಂಕನ್ನು ಕೊಲ್ಲದೆ ಅಡಗಿಸುತ್ತದೆ. ಹಿಂದೆ ಒಮ್ಮೆ ಸೆಲ್ಯುಲೈಟಿಸ್ ಬಂದವರು, ಆಸ್ಪತ್ರೆಯಿಂದ ದೂರವಿರುವವರು, ತೀರ್ಥಯಾತ್ರೆಗೋ ವಿದೇಶದ ಮಕ್ಕಳ ಮನೆಗೋ ಹೊರಟವರು ತಮ್ಮ ವೈದ್ಯರಿಂದಲೇ ಮುಂಗಡವಾಗಿ ಒಂದು ಪೂರ್ತಿ ಕೋರ್ಸು ಬರೆಸಿಕೊಂಡು, ಯಾವ ಚಿಹ್ನೆಗೆ ಶುರುಮಾಡಬೇಕೆಂದು ಕೇಳಿಕೊಂಡು ಜೊತೆಗೊಯ್ಯುವುದು ಉತ್ತಮ ಮಧ್ಯದಾರಿ. ಶುರುಮಾಡಿದ ಮೊದಲ ದಿನ ಕೆಂಪು ತುಸು ಹರಡಬಹುದು. ಎರಡು ದಿನದಲ್ಲಿ ಇಳಿಮುಖವಾಗದಿದ್ದರೆ ಔಷಧ ಬದಲಿಸಬೇಕು ಅಥವಾ ರಕ್ತನಾಳಕ್ಕೆ ಕೊಡಬೇಕು. ಈ ತೋಳಿಗೆ ಕೋರ್ಸು ಇತರರಿಗಿಂತ ಉದ್ದವಿರುತ್ತದೆ, ಕೆಂಪು ಹೋಯಿತೆಂದು ನಡುವೆ ನಿಲ್ಲಿಸಬೇಡಿ.

ಸ್ಲೀವ್ ಹಾಕಿರಬೇಕೇ, ತೆಗೆಯಬೇಕೇ

ಬರಿಯ ತುರಿಕೆಯ ಗುಳ್ಳೆಯಾದರೆ, ಹಚ್ಚಿದ್ದು ಪೂರ್ತಿ ಒಣಗಿದ ಮೇಲೆ ಒಗೆದ ಸ್ಲೀವ್ ಹಾಕಬಹುದು. ಒತ್ತಡ ಊತವನ್ನು ತಡೆಯುತ್ತದೆ, ಉಗುರನ್ನೂ ದೂರವಿಡುತ್ತದೆ. ಬೊಬ್ಬೆ, ಸೋರುವ ಗಾಯ, ನೋವು, ಬಿಸಿ ಇದ್ದರೆ ತೆಗೆದಿಡಿ. ಸೋಂಕಿನ ದಿನಗಳಲ್ಲಿ ದುಗ್ಧರಸ ಹರಿಸುವ ಮಾಲೀಶು, ಪಂಪು, ವ್ಯಾಯಾಮ ನಿಲ್ಲಿಸಿ, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ವಿಶ್ರಾಂತಿ ಕೊಡಿ. ನೋವು ಇಳಿದು ಮುಟ್ಟಲು ಸಹ್ಯವಾದ ಕೂಡಲೇ ಮತ್ತೆ ಹಾಕಲು ಶುರುಮಾಡಬೇಕು, ವಾರಗಟ್ಟಲೆ ಬಿಟ್ಟರೆ ಊತ ನೆಲೆನಿಲ್ಲುತ್ತದೆ.

ಸೋಂಕು ಕಳೆದ ಮೇಲೆ ಟೇಪಿನಿಂದ ಎರಡೂ ತೋಳುಗಳ ಸುತ್ತಳತೆ ಅಳೆಯಿರಿ: ಮಣಿಕಟ್ಟು, ಮೊಣಕೈಗೆ ಹತ್ತು ಸೆಂಟಿಮೀಟರ್ ಕೆಳಗೆ, ಹತ್ತು ಸೆಂಟಿಮೀಟರ್ ಮೇಲೆ. ಆರೋಗ್ಯವಾಗಿದ್ದಾಗ ಅಳೆದಿಟ್ಟ ಅಂಕಿ ಇದ್ದರೆ ಹೋಲಿಕೆ ಸುಲಭ, ಇಲ್ಲದಿದ್ದರೆ ಇವತ್ತೇ ಒಮ್ಮೆ ಅಳೆದು ಬರೆದಿಡಿ. ಎರಡು ವಾರ ಕಳೆದರೂ ತೋಳು ಹಿಂದಿನ ಅಳತೆಗೆ ಇಳಿಯದಿದ್ದರೆ, ಉಂಗುರ ಬಿಗಿಯೆನಿಸಿದರೆ, ಕೈ ಭಾರವೆನಿಸಿದರೆ ಲಿಂಫೆಡೀಮಾ ಬಲ್ಲ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಆರಂಭದ ಊತವನ್ನು ಇಳಿಸಬಹುದು, ಗಟ್ಟಿಯಾದ ಮೇಲೆ ಕಷ್ಟ.